ಕಾಡಿನ ಎತ್ತರ ಬೇಕಾ? ಮೊದಲು ನೆಲ ಹುಡುಕಿ

ಕಾಡಿನ ಎತ್ತರವನ್ನ ಉಪಗ್ರಹದಿಂದ ಅಳೀತಾರೆ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ಅಷ್ಟು ಮೇಲಿಂದ ಮರದ ತುದಿ ಹೇಗೆ ಗೊತ್ತಾಗುತ್ತೆ? ತುದಿದೇನು ದೊಡ್ಡ ಸಮಸ್ಯೆ ಅಲ್ಲ. ಮೇಲಿಂದ ನೋಡೋರಿಗೆ ಮೊದಲು ಎದುರಾಗೋದೇ ಅದು. ಕಷ್ಟ ಇರೋದು ನೆಲದ್ದು. ತುದಿ ಎಲ್ಲಿದೆ, ಬುಡ ಎಲ್ಲಿದೆ, ಎರಡೂ ಗೊತ್ತಾದ್ರೆ ತಾನೇ ಎತ್ತರ? ದಟ್ಟ ಕಾಡಲ್ಲಿ ಆ ಬುಡದ ಮೇಲೆ ಎಲೆ, ಕೊಂಬೆ, ಬಳ್ಳಿ, ಪೊದೆ ಪದರಪದರವಾಗಿ ಮುಚ್ಕೊಂಡಿರುತ್ತೆ. ಇವತ್ತಿನ ವ್ಲಾಗ್ ಪೂರ್ತಿ ಆ ನೆಲದ ಹುಡುಕಾಟದ ಬಗ್ಗೆನೇ.

ಕಾಡೊಳಗೆ ನಿಂತು ಅಳೆಯೋರಿಗೆ ಇದು ಉಲ್ಟಾ. ಬುಡ ಕಣ್ಣೆದುರೇ ಇದೆ, ತುದಿ ಕಾಣಲ್ಲ. ಕೋನ ಅಳೆಯೋ ಉಪಕರಣ ಕೈಯಲ್ಲಿ ಹಿಡಿದು, ಕಾಂಡದಿಂದ 20 ಮೀಟರ್ ದೂರ ನಿಂತು, ಮೇಲೆ ಕಾಣೋ ಕೊಂಬೆಗೆ ಗುರಿ ಇಟ್ರಿ ಅಂದ್ಕೊಳ್ಳಿ. ಕೋನ 60 ಡಿಗ್ರಿ ಬಂತು. ಲೆಕ್ಕದ ಪ್ರಕಾರ ಕಣ್ಣಿನ ಮಟ್ಟದಿಂದ ಮೇಲಕ್ಕೆ 34.6 ಮೀಟರ್. ಆದ್ರೆ ನೀವು ತುದಿ ಅಂದ್ಕೊಂಡ ಆ ಕೊಂಬೆ ನಿಮ್ಮ ಕಡೆಗೇ 4 ಮೀಟರ್ ಚಾಚಿಕೊಂಡಿದ್ರೆ? ಆಗ ಅದು ನಿಮ್ಮಿಂದ 16 ಮೀಟರ್ ದೂರದಲ್ಲಷ್ಟೇ ಇದೆ, ನಿಜವಾದ ಎತ್ತರ 27.7 ಮೀಟರ್. ಒಂದೇ ಕೊಂಬೆಯಿಂದ ಸುಮಾರು 7 ಮೀಟರ್ ತಪ್ಪು! ಕಾಡಲ್ಲಿ ನಿಂತು ಅಳೆದಿದ್ದೇ ಸತ್ಯ ಅಂತ ಕಣ್ಣು ಮುಚ್ಚಿ ನಂಬೋಕಾಗಲ್ಲ ಅನ್ನೋದು ಇದಕ್ಕೇ.

ಈಗ ಮೇಲಕ್ಕೆ ಹೋಗೋಣ. ಮೇಲಿಂದ ಅಳೆಯೋಕೆ ಬಳಸೋ ಲೈಡಾರ್ ಅನ್ನೋ ಉಪಕರಣ ಕೆಲಸ ಮಾಡೋ ರೀತಿ ಸರಳ. ಲೇಸರ್ ಬೆಳಕು ಕೆಳಗೆ ಹೋಗಿ, ಏನಕ್ಕಾದ್ರೂ ತಾಗಿ ವಾಪಸ್ ಬರೋಕೆ ಎಷ್ಟು ಹೊತ್ತು ತಗೊಳ್ತು ಅಂತ ಅಳೆಯೋದು. ಬೆಳಕು ಒಂದು ನ್ಯಾನೋಸೆಕೆಂಡಲ್ಲಿ ಸುಮಾರು 30 ಸೆಂಟಿಮೀಟರ್ ಹೋಗುತ್ತೆ. ಹೋಗಿ ಬರೋ ದಾರಿ ಆದ್ದರಿಂದ ಒಂದು ನ್ಯಾನೋಸೆಕೆಂಡ್ ವ್ಯತ್ಯಾಸ ಅಂದ್ರೆ 15 ಸೆಂಟಿಮೀಟರ್. 30 ಮೀಟರ್ ಎತ್ತರದ ಮರದ ತುದಿಗೆ ತಾಗಿದ ಬೆಳಕು ಬಂದು, 200 ನ್ಯಾನೋಸೆಕೆಂಡ್ ಆದ್ಮೇಲೆ ನೆಲಕ್ಕೆ ತಾಗಿದ ಬೆಳಕು ಬರುತ್ತೆ. ಬಂದ್ರೆ.

ವಿಮಾನ ಅಥವಾ ಡ್ರೋನ್‌ಗೆ ಕಟ್ಟಿದ ಲೈಡಾರ್ ಒಂದೊಂದು ಚದರ ಮೀಟರ್‌ಗೂ ಹಲವು ಪಲ್ಸ್, ಅಂದ್ರೆ ಬೆಳಕಿನ ಚಿಕ್ಕ ಚಿಕ್ಕ ಮಿಡಿತ, ಬಿಡುತ್ತೆ. ಸ್ಕ್ರೀನ್ ಮೇಲೆ ಕಾಣ್ತಿರೋ ಈ ಚುಕ್ಕಿಗಳೆಲ್ಲ ಹಾಗೆ ವಾಪಸ್ ಬಂದ ಬೆಳಕು. ಮೇಲ್ಗಡೆ ಚುಕ್ಕಿಗಳು ಒತ್ತೊತ್ತಾಗಿವೆ, ಮಧ್ಯದಲ್ಲಿ ವಿರಳ, ಕೆಳಗೆ ತೆಳ್ಳಗೆ ಒಂದು ಸಾಲು. ಎಲೆಗಳ ಸಂದಿಯಲ್ಲಿ ನುಸುಳಿ ಹೋದ ಬೆಳಕು ಹುಡುಕಿಕೊಟ್ಟ ನೆಲ ಅದು. ಆ ಸಾಲನ್ನ ಜೋಡಿಸಿ ನೆಲದ ಮೇಲ್ಮೈ ಕಟ್ತಾರೆ, ಮೇಲಿನ ಚುಕ್ಕಿಗಳಿಂದ ಮರಗಳ ಮೇಲ್ಮೈ ಕಟ್ತಾರೆ. ಎರಡನೇದರಿಂದ ಮೊದಲನೇದನ್ನ ಕಳೆದ್ರೆ ಸಿಗೋದೇ ಕ್ಯಾನೋಪಿ ಹೈಟ್ ಮಾಡೆಲ್, ಅಂದ್ರೆ ಮರಗಳ ಮೇಲ್ಹೊದಿಕೆಯ ಎತ್ತರದ ನಕ್ಷೆ. ಬರೀ ಕ್ಯಾಮರಾ ಇರೋ ಡ್ರೋನ್ ಫೋಟೋಗಳಿಂದಲೂ ಮೂರು ಆಯಾಮದ ಮಾದರಿ ಕಟ್ಟಬಹುದು, ನೋಡೋಕೂ ಬಹಳ ಚೆನ್ನಾಗಿರುತ್ತೆ. ಆದ್ರೆ ದಟ್ಟ ಕಾಡಿನ ಫೋಟೋದಲ್ಲಿ ನೆಲವೇ ಇರಲ್ಲ. ನೆಲ ಬೇರೆ ಕಡೆಯಿಂದ ತರದಿದ್ರೆ ಅದರಿಂದ ಎತ್ತರ ತೆಗೆಯೋ ಹಾಗಿಲ್ಲ.

ಬೋರ್ನಿಯೋದ ಡಾನಮ್ ಕಣಿವೆಯಲ್ಲಿ ಮೆನಾರಾ ಅಂತ ಒಂದು ಹಳದಿ ಮೆರಾಂಟಿ ಮರ ಇದೆ. ಅದನ್ನ ಮೊದಲು ಗುರುತಿಸಿದ್ದು 2018ರಲ್ಲಿ, ವಿಮಾನದ ಲೈಡಾರ್ ದತ್ತಾಂಶದಲ್ಲಿ. ಮುಂದಿನ ವರ್ಷ ಜನವರಿಯಲ್ಲಿ ಉಂಡಿಂಗ್ ಜಾಮಿ ಅನ್ನೋ ಸ್ಥಳೀಯ ಮರಹತ್ತುಗಾರ ನೆತ್ತಿವರೆಗೂ ಹತ್ತಿ ಟೇಪ್ ಇಳಿಬಿಟ್ರು. 100.8 ಮೀಟರ್. ಲೇಸರ್ ಹೇಳಿದ್ದನ್ನ ಒಬ್ಬ ಮನುಷ್ಯ ಮರ ಹತ್ತಿ ಟೇಪಲ್ಲಿ ಖಾತ್ರಿ ಮಾಡಿಕೊಂಡ ಈ ಘಟನೆ ನನಗೆ ಈ ವಿಷಯದಲ್ಲೇ ಅತ್ಯಂತ ಇಷ್ಟ.

ಆದ್ರೆ ವಿಮಾನ ಎಲ್ಲಾ ಕಾಡಿನ ಮೇಲೂ ಹಾರಲ್ಲ. ಅದಕ್ಕೇ ಬಾಹ್ಯಾಕಾಶಕ್ಕೆ ಹೋಗಿದ್ದು. 2018ರ ಡಿಸೆಂಬರ್‌ನಲ್ಲಿ ನಾಸಾ ಕಳಿಸಿದ ಜೆಡೈ ಲೈಡಾರ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಮೈಗೆ ಅಂಟಿಕೊಂಡಿದೆ. ಕಾಡು ಅಳೆಯೋಕೆ ಅಂತಲೇ ಮಾಡಿದ ಉಪಕರಣ ಇದು. ಮೂರು ಲೇಸರ್, ನೆಲದ ಮೇಲೆ ಎಂಟು ಸಾಲು, ಒಂದೊಂದು ಸಾಲಿನ ನಡುವೆ ಸುಮಾರು 600 ಮೀಟರ್. ಸಾಲಿನ ಉದ್ದಕ್ಕೆ 60 ಮೀಟರ್‌ಗೊಂದು ಪಲ್ಸ್. ಪ್ರತಿ ಪಲ್ಸ್ ನೆಲದ ಮೇಲೆ ಸುಮಾರು 25 ಮೀಟರ್ ಅಗಲದ ವೃತ್ತ ಬೆಳಗುತ್ತೆ.

ಈಗ ಈ ಗೆರೆ ನೋಡಿ. ಒಂದೇ ಒಂದು ಪಲ್ಸ್‌ನ ವೇವ್‌ಫಾರ್ಮ್ ಇದು. ಮೇಲಿಂದ ಕೆಳಕ್ಕೆ ಎತ್ತರ, ಎಡದಿಂದ ಬಲಕ್ಕೆ ವಾಪಸ್ ಬಂದ ಬೆಳಕಿನ ಪ್ರಮಾಣ. ಮೇಲೆ ಗೆರೆ ಉಬ್ಬೋಕೆ ಶುರು ಆಗೋ ಜಾಗವೇ ಮರಗಳ ತಲೆ. ಮಧ್ಯದ ಉಬ್ಬುತಗ್ಗು ಕೊಂಬೆ, ಎಲೆ, ಕೆಳಹಂತದ ಗಿಡಗಳು. ಎಲ್ಲಕ್ಕಿಂತ ಕೆಳಗೆ ಈ ಚೂಪಾದ ಉಬ್ಬು ಇದೆಯಲ್ಲ, ಅದು ನೆಲ. ಅಲ್ಲಿಂದ ಮೇಲಕ್ಕೆ ಲೆಕ್ಕ ಹಾಕ್ತಾ ಹೋಗಿ, ವಾಪಸ್ ಬಂದ ಬೆಳಕಿನ ನೂರಕ್ಕೆ 98 ಪಾಲು ಎಲ್ಲಿಗೆ ಮುಗಿಯುತ್ತೋ ಆ ಎತ್ತರವನ್ನ ಆರ್‌ಎಚ್ 98 ಅಂತಾರೆ. ಹೆಚ್ಚಿನವರು ಕ್ಯಾನೋಪಿ ಎತ್ತರ ಅಂತ ಬಳಸೋದು ಇದನ್ನೇ.

ಇಳಿಜಾರು ಬಂದ್ರೆ ಈ ಅಂದವಾದ ಚಿತ್ರ ಕೆಡುತ್ತೆ. ಮೆಟ್ಟಿಲ ಮೇಲೆ ಟಾರ್ಚ್ ಬಿಟ್ರೆ ಬೆಳಕು ಹಲವು ಮೆಟ್ಟಿಲಿಗೆ ಒಟ್ಟಿಗೇ ಬೀಳುತ್ತಲ್ಲ, ಹಾಗೆ. 20 ಡಿಗ್ರಿ ಇಳಿಜಾರಲ್ಲಿ 25 ಮೀಟರ್ ವೃತ್ತದ ಮೇಲಂಚಿಗೂ ಕೆಳಂಚಿಗೂ 9 ಮೀಟರ್ ಎತ್ತರದ ವ್ಯತ್ಯಾಸ. ಒಂದೂ ಮರ ಇಲ್ಲದ ಹುಲ್ಲುಗಾವಲಾದ್ರೂ ಬೆಳಕು ಆ 9 ಮೀಟರ್‌ಗೆ ಹರಡಿಕೊಂಡೇ ಬರೋದು. ಚೂಪಾದ ಉಬ್ಬು ಚಪ್ಪಟೆ ಆಗುತ್ತೆ, ಗಿಡದ ಬೆಳಕೂ ನೆಲದ ಬೆಳಕೂ ಕಲಸಿಹೋಗುತ್ತೆ. ಇನ್ನು ತೀರಾ ದಟ್ಟ ಕಾಡಲ್ಲಿ ನೆಲದ ಉಬ್ಬು ಕಾಣೋದೇ ಇಲ್ಲದೆ, ಲೆಕ್ಕ ಹಾಕೋ ಪ್ರೋಗ್ರಾಂ ಪೊದೆಯನ್ನೇ ನೆಲ ಅಂದ್ಕೊಂಡ್ರೆ, 40 ಮೀಟರ್ ಕಾಡು 30 ಮೀಟರ್ ಅಂತ ದಾಖಲಾಗಬಹುದು. ನನಗೆ ನಿಜಕ್ಕೂ ಆತಂಕ ಆಗೋದು ಇಲ್ಲೇ. ಎತ್ತರದ ಮೇಲೇ ಜೀವರಾಶಿಯ (ಮರಗಿಡಗಳ ಒಟ್ಟು ತೂಕದ) ಲೆಕ್ಕ, ಅದರ ಮೇಲೆ ಇಂಗಾಲದ ಲೆಕ್ಕ. ಅತಿ ಹೆಚ್ಚು ಇಂಗಾಲ ಹಿಡಿದಿಟ್ಟಿರೋ ಹಳೆಯ, ದಟ್ಟ ಕಾಡುಗಳೇ ಹೀಗೆ ಕಾಗದದ ಮೇಲೆ ಕುಳ್ಳಾಗೋದು.

2018ರಲ್ಲೇ ಹೋದ ನಾಸಾದ ಉಪಗ್ರಹ ಐಸ್‌ಸ್ಯಾಟ್-2 ಬೇರೆ ದಾರಿ ಹಿಡಿದಿದೆ. ಮುಖ್ಯವಾಗಿ ಹಿಮದ ಹಾಳೆಗಳನ್ನ ಅಳೆಯೋಕೆ ಅಂತ ಕಳಿಸಿದ್ದು, ಹಸಿರು ಲೇಸರ್, ಸೆಕೆಂಡಿಗೆ 10,000 ಪಲ್ಸ್, ವಾಪಸ್ ಬಂದ ಬೆಳಕಿನ ಕಣಗಳನ್ನ, ಅಂದ್ರೆ ಫೋಟಾನ್‌ಗಳನ್ನ ಒಂದೊಂದಾಗಿ ಎಣಿಸುತ್ತೆ. ಹಗಲಲ್ಲಿ ಬಿಸಿಲಿನ ಫೋಟಾನ್‌ಗಳೂ ಅದರಲ್ಲಿ ಸೇರ್ಕೊಳ್ಳೋದ್ರಿಂದ ಕಾಡಿಗೆ ಅದರ ರಾತ್ರಿ ದತ್ತಾಂಶವೇ ವಾಸಿ.

ಇನ್ನು ನೀವು ಅಂತರ್ಜಾಲದಲ್ಲಿ ನೋಡಿರೋ ಬಣ್ಣಬಣ್ಣದ ಜಾಗತಿಕ ನಕ್ಷೆಗಳು. ಒಂದರಲ್ಲಿ 2019ರ ಎತ್ತರ 30 ಮೀಟರ್ ಪಿಕ್ಸೆಲ್‌ನಲ್ಲಿದೆ, ಇನ್ನೊಂದರಲ್ಲಿ 2020ರದ್ದು 10 ಮೀಟರ್ ಪಿಕ್ಸೆಲ್‌ನಲ್ಲಿ. ಬಹಳ ಉಪಯುಕ್ತ ಕೆಲಸ ಅದು. ಆದ್ರೆ ಅಲ್ಲಿರೋ ಪ್ರತಿ ಪಿಕ್ಸೆಲ್ಲೂ ಅಳತೆ ಅಲ್ಲ, ಅಂದಾಜು. ಜೆಡೈ ಅಳೆದ ಜಾಗಗಳನ್ನ ಲ್ಯಾಂಡ್‌ಸ್ಯಾಟ್ ಅಥವಾ ಸೆಂಟಿನೆಲ್-2 ಉಪಗ್ರಹಗಳು ತೆಗೆದ ಚಿತ್ರಗಳ ಜೊತೆ ಇಟ್ಟು ಕಂಪ್ಯೂಟರ್‌ಗೆ ಕಲಿಸ್ತಾರೆ, ಅಳೆಯದ ಜಾಗಕ್ಕೆ ಅದು ಊಹಿಸುತ್ತೆ. ಆ ಚಿತ್ರಗಳಿಗೆ ನೆಲ ಗೊತ್ತಿಲ್ಲ, ಗೊತ್ತಿರೋದು ಬಣ್ಣ ಮತ್ತು ನೆರಳು. ಒಂದು ಮಟ್ಟಕ್ಕಿಂತ ಎತ್ತರದ ಕಾಡುಗಳೆಲ್ಲ ಮೇಲಿಂದ ಒಂದೇ ಥರ ಹಸಿರು. ಹಾಗಾಗಿ ಎತ್ತರದ ಮರಗಳನ್ನ ಕಡಿಮೆ ತೋರಿಸೋ ಪ್ರವೃತ್ತಿ ಇಂಥ ನಕ್ಷೆಗಳಲ್ಲಿರುತ್ತೆ. ಒಂದು ದೊಡ್ಡ ಪ್ರದೇಶದ ಸರಾಸರಿಗೆ ಬಳಸಿ, ಖಂಡಿತ ಬಳಸಿ. ಒಂದು ಮರದ ಎತ್ತರಕ್ಕೆ ಬೇಡ.

ನೆಲ ಮುಟ್ಟೋಕೆ ಇನ್ನೊಂದು ದಾರಿ ರೇಡಾರ್, ಅಂದ್ರೆ ಲೇಸರ್ ಬದಲು ರೇಡಿಯೋ ಅಲೆ. ಅಲೆ ಉದ್ದ ಆದಷ್ಟೂ ಎಲೆಗಳನ್ನ ದಾಟಿ ಕೆಳಗಿಳಿಯುತ್ತೆ. ಮೂರು ಸೆಂಟಿಮೀಟರ್ ಆಸುಪಾಸಿನ ಅಲೆ ಹೆಚ್ಚಾಗಿ ಮೇಲಿನ ಎಲೆ, ರೆಂಬೆಗಳಿಂದಲೇ ವಾಪಸ್ಸಾಗುತ್ತೆ. 2025ರ ಏಪ್ರಿಲ್‌ನಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಹಾರಿಸಿದ ಬಯೋಮಾಸ್ ಉಪಗ್ರಹದ ಅಲೆ ಸುಮಾರು 70 ಸೆಂಟಿಮೀಟರ್. ಅದಕ್ಕೆ ಎಲೆ ಲೆಕ್ಕಕ್ಕಿಲ್ಲ, ಸಿಗೋದು ದಪ್ಪ ಕೊಂಬೆ, ಕಾಂಡ ಮತ್ತು ನೆಲ. ಮೋಡ ಕವಿದಿದ್ರೂ ಅಡ್ಡಿ ಇಲ್ಲ. ಮೋಡದಲ್ಲಿ ಲೇಸರ್ ಕೈ ಚೆಲ್ಲುತ್ತೆ ಅನ್ನೋದು ನೆನಪಿರಲಿ.

ಜೆಡೈ ದತ್ತಾಂಶ ಉಚಿತ, ಯಾರು ಬೇಕಾದ್ರೂ ಇಳಿಸ್ಕೊಳ್ಳಬಹುದು. ಇಳಿಸ್ಕೊಂಡ ಮೇಲೆ ನೇರವಾಗಿ ಆರ್‌ಎಚ್ 98 ಕಾಲಂಗೆ ಹಾರಬೇಡಿ. ಅಲ್ಲಿ ಒಂದೊಂದು ಪಲ್ಸ್‌ನ ಅಳತೆಗೂ ಶಾಟ್ ಅಂತಾರೆ. ಮೊದಲು ಕ್ವಾಲಿಟಿ ಫ್ಲ್ಯಾಗ್ ಅನ್ನೋ ಕಾಲಂನಲ್ಲಿ 1 (ಅಂದ್ರೆ ಅಳತೆ ಚೆನ್ನಾಗಿದೆ) ಇರೋ ಶಾಟ್‌ಗಳನ್ನಷ್ಟೇ ಉಳಿಸ್ಕೊಳ್ಳಿ. ಆಮೇಲೆ ಸೆನ್ಸಿಟಿವಿಟಿ ಅನ್ನೋ ಕಾಲಂ ನೋಡಿ. ಎಷ್ಟು ದಟ್ಟ ಹೊದಿಕೆಯ ಕೆಳಗೂ ಆ ಶಾಟ್‌ಗೆ ನೆಲ ಸಿಗೋ ಸಾಧ್ಯತೆ ಇತ್ತು ಅಂತ ಅದು ಹೇಳುತ್ತೆ. 0.95 ಅಂದ್ರೆ ನೂರಕ್ಕೆ 95ರಷ್ಟು ಮುಚ್ಚಿದ ಕಾಡಿನವರೆಗೂ ನಂಬಬಹುದು. ನಿಮ್ಮ ಕಾಡು ಅದಕ್ಕಿಂತ ದಟ್ಟ ಇದ್ರೆ 0.98ಕ್ಕೆ ಏರಿಸಿ. ಶಾಟ್‌ಗಳ ಸಂಖ್ಯೆ ಧಡಕ್ಕನೆ ಇಳಿಯುತ್ತೆ, ಇಳೀಲಿ. ಕಾಡಲ್ಲಿ ಗುರುತು ಹಾಕಿ ಅಳೆದ ಜಾಗದ (ಪ್ಲಾಟ್) ಜೊತೆ ಹೋಲಿಸೋದಾದ್ರೆ ಇನ್ನೊಂದು ಮಾತು: ಆ 25 ಮೀಟರ್ ವೃತ್ತ ಇರೋ ಜಾಗವೇ ಸುಮಾರು 10 ಮೀಟರ್ ಆಚೀಚೆ ಆಗಿರಬಹುದು. ಆದ್ದರಿಂದ ಪ್ಲಾಟ್ ಅನ್ನ ಆ ವೃತ್ತಕ್ಕಿಂತ ದೊಡ್ಡದಾಗಿಯೇ ಹಾಕಿ, ಅಂಚಿನ ಮರಗಳನ್ನೂ ಬಿಡದೆ ಅಳೆಯಿರಿ.