ಗಾರೆ ಇಲ್ಲದೆ ನಿಂತ ಮೊರೇರ ಕಲ್ಮನೆಗಳು

ಈಗ ಕಾಣ್ತಾ ಇರೋದು ಹಿರೇಬೆಣಕಲ್ ಬೆಟ್ಟ. ಕೊಪ್ಪಳ ಜಿಲ್ಲೆ, ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್. ಊರವರ ಬಾಯಲ್ಲಿ ಇದು ಮೊರೇರ ಗುಡ್ಡ. ಮೊರೇರು ಅಂದ್ರೆ ಹಿಂದೆ ಇಲ್ಲಿದ್ದ ಕುಳ್ಳ ಜನ, ಈ ಕಲ್ಮನೆಗಳು ಅವರವೇ ಅಂತ ನಂಬಿಕೆ. ಕಲ್ಮನೆ ಅಂದ್ರೆ ಕಲ್ಲಿನ ಚಪ್ಪಡಿಗಳನ್ನ ನಿಲ್ಲಿಸಿ, ಮೇಲೊಂದು ಕಲ್ಲು ಮುಚ್ಚಿ, ಸತ್ತವರಿಗಾಗಿ ಕಟ್ಟಿದ ಕೋಣೆ. ಕಬ್ಬಿಣ ಯುಗದ, ಅಂದ್ರೆ ಕಬ್ಬಿಣ ಬಳಕೆಗೆ ಬಂದ ಕಾಲದ, ಇಂಥ ಸುಮಾರು 400 ಕಟ್ಟಡಗಳು ಈ ಬೆಟ್ಟದ ಮೇಲಿವೆ.

ಕಲ್ಲು ಎಲ್ಲಿಂದ ತಂದ್ರು? ಕಾಲ ಕೆಳಗೇ ಇದೆ ನೋಡಿ. ಈ ಬಂಡೆ ಹಪ್ಪಳದ ಥರ ಪದರ ಪದರವಾಗಿ ಬಿಟ್ಟುಕೊಳ್ಳುತ್ತೆ. ಆ ಪದರವನ್ನೇ ಎಬ್ಬಿಸಿ ಚಪ್ಪಡಿ ಮಾಡಿದ್ದಾರೆ. ಹಾಗಾಗಿ ಎರಡೂ ಮೈ ಉಳಿಯ ಪೆಟ್ಟು ಕಾಣದೆನೇ ಹೆಚ್ಚುಕಡಿಮೆ ಸಪಾಟಾಗಿವೆ. ಕಲ್ಲು ತೆಗೆದ ತಗ್ಗಲ್ಲಿ ನೀರು ನಿಂತು ಕೆರೆಯಾಗಿದೆ.

ಇನ್ನು ಜೋಡಣೆ. ಇದನ್ನ ನಿಧಾನವಾಗಿ ನೋಡಬೇಕು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆಸಿದಾಗ ಸಿಕ್ಕ ನೆಲದೊಳಗಿನ ಕಲ್ಕೋಣೆಗಳಲ್ಲಿ ಇದು ತುಂಬ ಸ್ಪಷ್ಟ. ನಾಲ್ಕು ಚಪ್ಪಡಿಗಳನ್ನ ಮೂಲೆಗೆ ಮೂಲೆ ಕೂಡಿಸಿಲ್ಲ. ಒಂದೊಂದರ ತುದಿ ಪಕ್ಕದ್ದನ್ನ ದಾಟಿ ಆಚೆ ಚಾಚಿದೆ, ಮೇಲಿಂದ ನೋಡಿದ್ರೆ ಸ್ವಸ್ತಿಕ. ಹೊರಗಿನ ಮಣ್ಣು ಒಂದು ಚಪ್ಪಡಿಯನ್ನ ಒಳಕ್ಕೆ ತಳ್ಳಿದ್ರೆ ಪಕ್ಕದ್ದು ಅದನ್ನ ತಡೆಯುತ್ತೆ. ಅದನ್ನ ಅದರ ಪಕ್ಕದ್ದು. ಮೇಲಿನ ಮುಚ್ಚುಗಲ್ಲಿನ ಭಾರ ನಾಲ್ಕನ್ನೂ ಅದುಮಿ ಹಿಡಿಯುತ್ತೆ. ಗಾರೆ ಬೇಕಾಗೋದೇ ಇಲ್ಲ! ನನಗಂತೂ ಇದು ಆ ಕಾಲದ ದೊಡ್ಡ ಎಂಜಿನಿಯರಿಂಗ್.

ಇದರ ದೌರ್ಬಲ್ಯವೂ ಇಲ್ಲೇ ಇದೆ. ನಿಧಿಯಾಸೆಗೆ ಯಾರೋ ಬುಡ ಅಗೆದ್ರು ಅಂತಿಟ್ಟುಕೊಳ್ಳಿ, ಒಂದು ಚಪ್ಪಡಿ ವಾಲುತ್ತೆ, ಅದಕ್ಕೆ ಆನಿಕೊಂಡಿದ್ದು ಸಡಿಲ ಆಗುತ್ತೆ, ಕೊನೆಗೆ ಮುಚ್ಚುಗಲ್ಲು ಜಾರಿ ಬೀಳುತ್ತೆ. ಆ ನಿಧಿಯಾದರೂ ಏನು? ಬ್ರಹ್ಮಗಿರಿಯ ಕೋಣೆಗಳಲ್ಲಿ ಸಿಕ್ಕಿದ್ದು ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು, ಆಯ್ದು ತಂದಿಟ್ಟ ಮೂಳೆಗಳು.

ಆಯ್ದು ತಂದಿಟ್ಟ ಅನ್ನೋದು ಮುಖ್ಯ. ಒಂದೇ ಕೋಣೆಯಲ್ಲಿ ಹಲವರ ಮೂಳೆ, ಯಾರದ್ದೂ ಪೂರ್ತಿ ಇಲ್ಲ. ಅಂದ್ರೆ ಹೆಣ ಬೇರೆ ಕಡೆ ಕರಗಿದ ಮೇಲೆ ಮೂಳೆ ಇಲ್ಲಿಗೆ ಬಂದಿದೆ. ಬ್ರಹ್ಮಗಿರಿಯ ಈ ಕೋಣೆಗಳ ಪೂರ್ವದ ಚಪ್ಪಡಿಯಲ್ಲಿ ದುಂಡಗಿನ ಕಿಂಡಿ ಕೊರೆದಿದ್ದಾರೆ. ಮುಚ್ಚುಗಲ್ಲು ಎತ್ತದೆ ಒಳಗೆ ಏನಾದ್ರೂ ಇಡೋಕೆ ಅದೊಂದೇ ದಾರಿ. ಹಿರೇಬೆಣಕಲ್ಲಿನ ಎಷ್ಟೋ ಕಲ್ಮನೆಗಳಲ್ಲೂ ಅದೇ ಕಿಂಡಿ ಕಾಣುತ್ತೆ. ಸತ್ತವರಿಗೊಂದು ಮನೆ ಬೇಕು, ಆ ಮನೆಗೊಂದು ಬಾಗಿಲೂ ಬೇಕು ಅಂತ ಅವರು ನಂಬಿದ್ರು ಅಂತಲೇ ನಾನು ಓದ್ಕೊಳ್ತೀನಿ. ಹಾಗಂತ ಇಲ್ಲಿರೋ ಎಲ್ಲ ಕಲ್ಮನೆಯನ್ನೂ ಗೋರಿ ಅನ್ನೋಕಾಗಲ್ಲ. ಕೆಲವು ಬರೀ ನೆನಪಿಗೆ ಕಟ್ಟಿದ್ದಿರಬಹುದು.

ಬರೋರು ಬೆಳಗ್ಗೆ ಬೇಗ ಹತ್ತಿ, ಮೇಲೆ ನೆರಳು ಕಡಿಮೆ, ಅಂಗಡಿ ಇಲ್ಲ, ನೀರು ನೀವೇ ತನ್ನಿ. ಕಿಂಡಿಯೊಳಗೆ ನುಸುಳಬೇಡಿ, ಮುಚ್ಚುಗಲ್ಲಿನ ಮೇಲೆ ಹತ್ತಿ ಫೋಟೋ ತೆಗೆಸ್ಕೋಬೇಡಿ. ಎತ್ತರದ ಬಂಡೆ ಮೇಲೆ ನಗಾರಿ ಆಕಾರದ ದೊಡ್ಡ ಕಲ್ಲಿದೆ, ಬಡಿದ್ರೆ ದೂರದವರೆಗೂ ಕೇಳುತ್ತೆ ಅಂತ ಹೆಸರುವಾಸಿ. ಅದಕ್ಕೆ ಕಲ್ಲಿಂದ ಹೊಡೀಬೇಡಿ, ಚಕ್ಕೆ ಏಳಬಹುದು.