ಮೂಡಲ್ಲೋ, ಸ್ವಂತ ವೆಬ್‌ಸೈಟೋ? ಪಾಠ ಎಲ್ಲಿಡೋದು?

ನಮಸ್ಕಾರ. ಎಡಗಡೆ ಕಾಣ್ತಿರೋದು ಮೂಡಲ್, ಅಂದ್ರೆ ವಿದ್ಯಾರ್ಥಿಗಳು ಲಾಗಿನ್ ಆಗಿ ಪಾಠ, ಅಸೈನ್‌ಮೆಂಟ್, ಕ್ವಿಜ್ ಮಾಡೋ ತಂತ್ರಾಂಶ. ಬಲಗಡೆ ಗಿಟ್‌ಹಬ್ ಪೇಜಸ್ ಅನ್ನೋ ಉಚಿತ ಸೇವೆಯಲ್ಲಿರೋ ಚಿಕ್ಕ ವೆಬ್‌ಸೈಟು. ಡಿಗ್ರಿ ಕಾಲೇಜು, ಕನ್ನಡ ಮಾಧ್ಯಮ, ಇತಿಹಾಸ, ಅರವತ್ತು ಮಕ್ಕಳು ಅಂತ ಇಟ್ಕೊಳ್ಳಿ.

ಮೊದಲೇ ಹೇಳಿಬಿಡ್ತೀನಿ, ನೋಟ್ಸನ್ನ ಮೂಡಲ್ ಒಳಗೆ ಬಚ್ಚಿಡಬೇಡಿ. ಪರೀಕ್ಷೆ ಹಿಂದಿನ ರಾತ್ರಿ ಪಾಸ್‌ವರ್ಡ್ ಮರೆತ ಹುಡುಗಿಗೆ ಒಂದು ಪುಟವೂ ಸಿಗಲ್ಲ. ಸೆಮಿಸ್ಟರ್ ಮುಗಿದು ಕೋರ್ಸ್ ಮರೆಮಾಡಿದ್ರೆ ಹಳೇ ವಿದ್ಯಾರ್ಥಿಗೂ ಬಾಗಿಲು ಮುಚ್ಚಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2001ರಲ್ಲಿ ಓಪನ್‌ಕೋರ್ಸ್‌ವೇರ್ ಅನ್ನೋ ಯೋಜನೆ ಘೋಷಿಸಿದಾಗ ಲಾಗಿನ್ ಇಲ್ಲದೆ ಪಾಠ ಎಲ್ಲರಿಗೂ ಸಿಗಲಿ ಅಂತಾನೇ ಹೊರಟಿದ್ದು. ನಮ್ಮ ಕನ್ನಡದ ನೋಟ್ಸು ಹಾಗೆ ಸಿಗೋದು ಇನ್ನೂ ಮುಖ್ಯ, ಯಾಕಂದ್ರೆ ಹುಡುಕಿದ್ರೆ ಸಿಗೋದೇ ಕಮ್ಮಿ.

ಸೈಟ್ ಮಾಡೋದು ಪರದೆ ಮೇಲೆ ಓಡ್ತಿದೆ, ನೋಡ್ಕೊಳ್ಳಿ. ಖರ್ಚಿಲ್ಲ. ಬ್ರೌಸರಿಂದ ಹಾಕೋವಾಗ ಒಂದು ಫೈಲ್ 25 ಎಂಬಿ ದಾಟಬಾರದು, ಇಡೀ ಸೈಟು 1 ಜಿಬಿ ಒಳಗಿರಬೇಕು. ಫೈಲ್ ಹೆಸರಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಲೆಕ್ಕ. ನಿಮ್ಮ ಕಂಪ್ಯೂಟರಲ್ಲಿ ತೆರೆದ ಲಿಂಕು ಅಲ್ಲಿ 404 (ಪುಟ ಸಿಗಲಿಲ್ಲ) ಅಂದ್ರೆ ಮೊದಲು ಅದನ್ನೇ ನೋಡಿ. ಎಲ್ಲಾ ಹೆಸರೂ ಚಿಕ್ಕಕ್ಷರದಲ್ಲಿ ಇಟ್ಟುಬಿಡಿ.

ವೆಬ್‌ಸೈಟ್ ಒಂದೇ ಸಾಕು ಅನ್ನೋಕೆ ಹೊರಟಿದ್ದೆ. ಇಲ್ಲ, ಈ ಅಸೈನ್‌ಮೆಂಟ್ ಪರದೆ ನೋಡಿದ ಮೇಲೆ ಆ ಮಾತು ವಾಪಸ್. ಅರವತ್ತು ಇಮೇಲ್ ತೆರೆದು, ಅರವತ್ತು ಫೈಲ್ ಇಳಿಸಿ, ಯಾರದು ಯಾವುದು ಅಂತ ಹುಡುಕೋದು ಮೇಷ್ಟ್ರ ಕೆಲಸ ಅಲ್ಲ. ಇಲ್ಲಿ ಎರಡು ದಿನಾಂಕ ಇದೆ, ನೋಡಿ. ಡ್ಯೂ ಡೇಟ್ ದಾಟಿದ್ರೂ ಮೂಡಲ್ ತಗೊಳ್ಳುತ್ತೆ, ತಡ ಅಂತ ಗುರುತು ಹಾಕುತ್ತೆ ಅಷ್ಟೇ. ನಿಜವಾಗಿ ಬಾಗಿಲು ಹಾಕೋದು ಕಟ್-ಆಫ್ ಡೇಟ್. ಅದನ್ನ ಆನ್ ಮಾಡದೆ "ಮಕ್ಕಳು ತಡವಾಗಿ ಕಳಿಸ್ತಾರೆ" ಅಂತ ಬೈಯೋದು ನ್ಯಾಯ ಅಲ್ಲ. ಅಂಕ ಕೂಡ ಇಲ್ಲೇ ಇರಲಿ. ರಿಜಿಸ್ಟರ್ ನಂಬರ್ ಜೊತೆ ಅಂಕಪಟ್ಟಿಯನ್ನ ತೆರೆದ ಸೈಟಿಗೆ ಹಾಕಲೇಬೇಡಿ.

ಈಗ ಕ್ವಿಜ್. ತಲೆನೋವು ಶುರುವಾಗೋದು ಇಲ್ಲಿಂದ. ನಲವತ್ತು ಪ್ರಶ್ನೆ ಒಂದೊಂದಾಗಿ ತುಂಬೋದು ಬೇಡ, ಏಕೆನ್ (Aiken) ಅನ್ನೋ ಬರೀ ಪಠ್ಯದ ಫಾರ್ಮ್ಯಾಟಲ್ಲಿ ಬರೆದು ಒಟ್ಟಿಗೆ ಇಂಪೋರ್ಟ್ ಮಾಡಬಹುದು. ಪ್ರಶ್ನೆ ಪೂರ್ತಿ ಒಂದೇ ಸಾಲು. ಕೆಳಗೆ ಆಯ್ಕೆಗಳು, ಇಂಗ್ಲಿಷಿನ ದೊಡ್ಡ ಎ, ಬಿ, ಸಿ, ಡಿ, ಪಕ್ಕದಲ್ಲಿ ಚುಕ್ಕಿ, ಆಮೇಲೆ ಒಂದು ಸ್ಪೇಸ್. ಕೊನೆ ಸಾಲಲ್ಲಿ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಆನ್ಸರ್, ಕೋಲನ್, ಸ್ಪೇಸ್, ಸರಿಯುತ್ತರದ ಅಕ್ಷರ. ಅ, ಆ, ಇ ಅಂತ ಆಯ್ಕೆ ಕೊಟ್ಟರೆ ಒಪ್ಪಲ್ಲ.

ಆದ್ರೆ ನಮ್ಮ ಪ್ರಶ್ನೆಪತ್ರಿಕೆ ಇರೋದು ನುಡಿ ಫಾಂಟಲ್ಲಿ. ವರ್ಡಲ್ಲಿ ಚೆಂದ ಕಾಣುತ್ತೆ. ನೋಟ್‌ಪ್ಯಾಡಿಗೆ ಅಂಟಿಸಿದ್ರೆ ನೋಡಿ, "ಕನ್ನಡ" ಅನ್ನೋ ಪದ ಇಂಗ್ಲಿಷ್ ಪಿ, ನೆತ್ತಿ ಮೇಲೆ ಗೀಟಿರೋ ಎ, ಪೌಂಡ್ ಗುರುತು ಹೀಗೆ ಬಿಚ್ಕೊಂಡಿದೆ. ಹಳೇ ನುಡಿ ಫಾಂಟಲ್ಲಿ ಒಳಗೆ ಇರೋದೇ ಇದು, ಫಾಂಟು ಮೇಲೆ ಕನ್ನಡದ ಬಟ್ಟೆ ತೊಡಿಸಿತ್ತು. ನುಡಿಯ ಪಿಡಿಎಫ್‌ನಲ್ಲಿ ಪದ ಹುಡುಕಿದ್ರೆ ಸಿಗದೇ ಇರೋದಕ್ಕೂ ಇದೇ ಕಾರಣ. ಹಾಗಾಗಿ ಯೂನಿಕೋಡಿಗೆ, ಅಂದ್ರೆ ಒಳಗೂ ಕನ್ನಡ ಅಕ್ಷರವಾಗಿಯೇ ಇರೋ ಸಂಕೇತಕ್ಕೆ, ಬದಲಾಯಿಸಲೇಬೇಕು.

ಬದಲಾಯಿಸೋ ಕ್ರಮ ತಪ್ಪಬಾರದು. ಎ, ಬಿ, ಆನ್ಸರ್ ಎಲ್ಲ ಬರೆದಿಟ್ಟು ಪರಿವರ್ತಕಕ್ಕೆ ಕೊಟ್ಟರೆ ಅದು ಆ ಇಂಗ್ಲಿಷನ್ನೂ ನುಡಿ ಅಂದ್ಕೊಂಡು ಕನ್ನಡದ ಚಿಂದಿ ಮಾಡುತ್ತೆ. ಮೊದಲು ಬರೀ ಪ್ರಶ್ನೆ ಮತ್ತು ಆಯ್ಕೆಗಳ ಪಠ್ಯ ಬದಲಾಯಿಸಿ, ಇಂಗ್ಲಿಷ್ ಆಮೇಲೆ ಸೇರಿಸಿ. ಫೈಲ್ ಉಳಿಸೋವಾಗ ಎನ್‌ಕೋಡಿಂಗ್ ಅನ್ನೋ ಕಡೆ ಯುಟಿಎಫ್-8 ಆರಿಸಿ. ಹಳೇ ವಿಂಡೋಸ್‌ನಲ್ಲಿ ಆನ್ಸಿ ಅಂತ ಇರುತ್ತೆ. ಹಾಗೇ ಉಳಿಸಿದ್ರೆ ಕನ್ನಡ ಹೋಗಿ ಸಾಲುಗಟ್ಟಲೆ ಪ್ರಶ್ನಾರ್ಥಕ ಚಿಹ್ನೆ ಮಾತ್ರ ಉಳಿಯುತ್ತೆ.

ಇನ್ನೊಂದು ಅರ್ಕಾವೊತ್ತು. ನುಡಿಯಲ್ಲಿ ಅದು ಅಕ್ಷರ ಆದ್ಮೇಲೆ ಕೂರುತ್ತೆ, ಯೂನಿಕೋಡಲ್ಲಿ ರಕಾರ ಆ ಅಕ್ಷರಕ್ಕಿಂತ ಮೊದಲು ಬರಬೇಕು. ಕೆಲವು ಪರಿವರ್ತಕ ಅಲ್ಲೇ ಎಡವುತ್ತೆ. "ಹರ್ಷವರ್ಧನನನ್ನು ನರ್ಮದಾ ತೀರದಲ್ಲಿ ಸೋಲಿಸಿದವನು ಯಾರು?" ಈ ಒಂದೇ ಸಾಲಲ್ಲಿ ಮೂರಿದೆ, ಪರೀಕ್ಷೆಗೆ ಇದನ್ನೇ ಮೊದಲು ಹಾಕಿ. ಮೂರೂ ನೆಟ್ಟಗೆ ಬಂದ್ರೆ ಉಳಿದ ಅರ್ಕಾವೊತ್ತುಗಳ ಬಗ್ಗೆ ಅಷ್ಟು ಚಿಂತೆ ಬೇಡ.

ಮೂಡಲ್ಲಿಗೆ ಫೋನಲ್ಲಿ ಸ್ಕ್ಯಾನ್ ಮಾಡಿದ ಪುಟ ಏರ್ತಿಲ್ಲ ಅಂದ್ರೆ ಅದು ಬೇರೆ ಕಥೆ. ಮೂಡಲ್ ಓಡೋದು ಸರ್ವರಿನ ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಮೇಲೆ, ಅದರಲ್ಲಿ ಫೈಲ್ ಏರಿಸೋಕೆ ಬರೋ ಮೂಲ ಮಿತಿ 2 ಎಂಬಿ. ಕೋರ್ಸ್ ಸೆಟ್ಟಿಂಗಲ್ಲಿ ಎಷ್ಟು ಬದಲಿಸಿದ್ರೂ ಸರ್ವರಿನ ಮಿತಿ ಮೀರಲ್ಲ, ಸರ್ವರ್ ನೋಡ್ಕೊಳ್ಳೋರಿಗೇ ಹೇಳಬೇಕು.

ಸರಿ, ಇಂಪೋರ್ಟ್ ಮುಗೀತು, ನಲವತ್ತೂ ಬಂದಿದೆ. ಪ್ರಿವ್ಯೂ ಒತ್ತಿದ್ದೀನಿ. ಹರ್ಷವರ್ಧನ ಸರಿಯಾಗಿದಾನೆ, ನರ್ಮದೆಯೂ ಸರಿ. ಬಲಗಡೆ ಸೈಟಿಗೆ ಈ ಕ್ವಿಜ್‌ನ ಲಿಂಕ್ ಒಂದು ಸಾಲು ಸೇರಿಸಿ ಕ್ಯಾಮೆರಾ ನಿಲ್ಲಿಸ್ತೀನಿ.