ಹಳೆ ಜೀನ್ಸ್ ಪ್ಯಾಂಟು, ಹೊಸ ಕುಶನ್ ಕವರು

ಕೇಳುಗರಿಗೆಲ್ಲಾ ನಮಸ್ಕಾರ್ರೀ. ಬಳ್ಳಾರಿ ಅಂದ್ರ ಜೀನ್ಸು, ಕೌಲ್ ಬಜಾರ್ ಕಡೆ ಓಡಾಡಿದವ್ರಿಗೆ ಇದನ್ನ ನಾನೇನು ಹೇಳೋದು ಬ್ಯಾಡ. ಇಂಥಾ ಊರಾಗಿದ್ದು ನಾವು ಕುಶನ್ ಕವರು ಮಾತ್ರ ಅಂಗಡಿಯಿಂದ ತರ್ತೀವಿ, ಅದೂ ನಾಕು ಸಲ ಒಗದ್ರ ಜಿಪ್ ಕಿತ್ಕೊಂಡು ಬರೋ ಅಂಥಾದ್ದು. ಸೊಂಟಕ್ಕ ಸಾಲದ ಪ್ಯಾಂಟು ಒಂದಾದ್ರೂ ಎಲ್ಲರ ಮನ್ಯಾಗೂ ಇರ್ತೈತಿ, ಇವತ್ತು ಅದ್ರಾಗ ಹೊಲಿಯೋಣ, ಜಿಪ್ಪೂ ಬ್ಯಾಡ ಗುಂಡಿನೂ ಬ್ಯಾಡ.

ಕುಶನ್ 16 ಇಂಚಿಂದು ಅಂತ ಇಟ್ಕೊಳ್ರಿ. ಮುಂದಿನ ತುಂಡನ್ನ 16ಕ್ಕ 16 ಕತ್ತರಿಸ್ರಿ, ಸುತ್ತ ಅರ್ಧ ಇಂಚು ಹೊಲಿಗಿಗೆ ಹೋಗಿ 15 ಉಳೀತೈತಿ. ಚಿಕ್ಕದಾಯ್ತಲ್ಲ ಅನ್ಬ್ಯಾಡ್ರಿ, ಕವರು ಒಂದಿಂಚು ಕಮ್ಮಿ ಇದ್ರೇನೇ ಕುಶನ್ ಉಬ್ಬಿ ಚಂದ ಕೂಡ್ತೈತಿ, ಅಂಗಡಿ ಕವರು ಮೂಲ್ಯಾಗ ಜೋತು ಬೀಳೋದು ಸಡಿಲ ಇರೋದ್ರಿಂದಾನೇ. ಪ್ಯಾಂಟಿನ ಕಾಲಾಗ ದಪ್ಪ ಜೋಡಿ ಹೊಲಿಗಿ ಇರೋ ಬದಿ ಹಂಗೇ ಬಿಟ್ಟು, ಸಾದಾ ಹೊಲಿಗಿ ಬದಿ ಬಿಚ್ಚಿ ಹರವಿದ್ರ ತೊಡಿ ಹತ್ರ ಅಗಲ ಸಾಕಾಗ್ತೈತಿ, ಪೆನ್ಸಿಲ್ ಫಿಟ್ ಆದ್ರ ಮಾತ್ರ ಸಾಲಂಗಿಲ್ಲ.

ಹಿಂದಕ್ಕ ತೆಳ್ಳನ ಕಾಟನ್ ಅರಿವಿ, 16 ಅಗಲ 11 ಉದ್ದದ್ದು ಎರಡು ತುಂಡು. ಒಂದೊಂದರ 16 ಇಂಚಿನ ಒಂದು ಅಂಚನ್ನ ಅರ್ಧರ್ಧ ಇಂಚು ಎರಡು ಸಲ ಮಡಚಿ ಹೊಲೀರಿ, ಉದ್ದ 10 ಉಳೀತೈತಿ. ಈಗ ಜೀನ್ಸಿನ ನೆಟ್ಟಗಿನ ಬದಿ ಮ್ಯಾಲೆ ಮಾಡಿ ಹಾಸಿ, ಅದರ ಮ್ಯಾಲೆ ಎರಡೂ ತುಂಡು ಬೋರಲು ಹಾಕ್ರಿ, ಮಡಚಿದ ಅಂಚು ನಡುವ ಬರ್ಬೇಕು, ಒಂದರ ಮ್ಯಾಲೊಂದು 4 ಇಂಚು ಕೂತ್ಕೊಂತೈತಿ, ಕುಶನ್ ಹಾಕೋ ಬಾಯಿ ಅದೇ. ಸುತ್ತ ನಾಕೂ ಕಡೆ ಹೊಲೀರಿ, ಈ ಬಾಯಿ ಬದಿಗೆ ಸೇರೋ ಜಾಗದಾಗ ಹಿಂದ ಮುಂದ ಎರಡ್ಮೂರು ಸಲ ಓಡಸ್ರಿ, ಎಳದಾಡಿದಾಗ ಮೊದ್ಲು ಕಿತ್ತೋಗೋದು ಅಲ್ಲೇ. ಆಮ್ಯಾಲೆ ಆ ಬಾಯಿಂದಾನೇ ಕವರನ್ನ ನೆಟ್ಟಗಿನ ಬದಿ ಹೊರಗ ಬರೋಹಂಗ ತಿರುವಿ ಹಾಕ್ರಿ.

ಸೂಜಿ 16 ನಂಬರಿಂದು ಹಾಕ್ರಿ, ಬ್ಲೌಸ್ ಹೊಲಿಯೋ ಸೂಜಿ ಜೀನ್ಸಿಗೆ ಪಟ್ ಅಂತ ಮುರೀತೈತಿ. ದಪ್ಪ ಹೊಲಿಗಿ ಅಡ್ಡ ಬಂದಲ್ಲಿ ಮನಿ ಮಿಷನ್ ನಿಂತೇ ಬಿಡ್ತೈತಿ, ಆ ಗಂಟನ್ನ ಮೊದ್ಲು ಸುತ್ತಿಗಿಲೆ ಎರಡೇಟು ಕುಟ್ರಿ, ಆಮ್ಯಾಲೆ ಮಿಷನ್ನಿನ ಅರಿವಿ ಒತ್ತೋ ಪಾದದ ಹಿಂಬದಿಗೆ ಜೀನ್ಸಿನ ಮಡಚಿದ ಚೂರು ಸೇರಿಸಿ ಮಟ್ಟಸ ಮಾಡಿ, ಗಾಲಿ ಕೈಲೇ ತಿರುಗಿಸಿ ದಾಟ್ರಿ. ಆತುರ ಮಾಡ್ಬ್ಯಾಡ್ರಿ.

ನೀಲಿ ಬರೇ ಬೋಳು ಅನ್ಸಿದ್ರ ನಮ್ಮ ಸಂಡೂರಿನ ಲಂಬಾಣಿ ಕಸೂತಿ ಪಟ್ಟಿ ಐತಲ್ರೀ, ಭೌಗೋಳಿಕ ಗುರುತು ಅಂದ್ರ ಜಿಐ ಟ್ಯಾಗ್ ಸಿಕ್ಕಿರೋದು, ಕನ್ನಡಿ ಕವಡಿ ಕೂಡಿಸಿದ್ದು, ಅದನ್ನ ನಡುವ ಕೈ ಹೊಲಿಗಿ ಹಾಕ್ರಿ. ಹಿಂದಿನ ತುಂಡು ಜೋಡಿಸೋಕಿಂತ ಮೊದ್ಲೇ ಹಾಕ್ಬೇಕು ಮತ್ತ. ಅಂಥಾ ಕವರನ್ನ ವಾಷಿಂಗ್ ಮಿಷನ್ನಿಗೆ ಹಾಕೋಂಗಿಲ್ಲ, ಕೈಲೇ ಒಗದು, ಒಳಮೈ ಹೊರಗ ಮಾಡಿ ನೆಳ್ಳಾಗ ಒಣಗ್ಸ್ರಿ, ನಮ್ಮ ಬಳ್ಳಾರಿ ಬಿಸಿಲಿಗೆ ನೀಲಿ ಬಣ್ಣ ಬಾಳ ದಿನ ತಡೆಯಂಗಿಲ್ಲ. ಬರ್ತೀನ್ರೀ, ನಮಸ್ಕಾರ.